ಗುದ್ದಲಿ ಪೂಜೆಗೆ ದುಡ್ಡಿದೆ, ತಾರಸಿ ಗುಡಿಸುವುದಕ್ಕಿಲ್ಲ

ಕಾಲೇಜಿಗೆ ಗ್ರೇಡು ಕೊಡುವ ನ್ಯಾಕ್ ಸಮಿತಿ ಬರುತ್ತದೆ ಅಂತ ಮರ ಕಡಿದರು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ಸರ್ಕಾರಿ ಕಾಲೇಜು. ಹೆಸರು ಹೇಳುವುದಿಲ್ಲ, ಹೇಳಿದರೆ ಮಿಕ್ಕವರೆಲ್ಲ ನಾವಲ್ಲಪ್ಪ ಅಂತ ಕೈ ತೊಳೆದುಕೊಳ್ಳುತ್ತಾರೆ. ಗೇಟಿನ ಪಕ್ಕದ ಎರಡು ಹೊಂಗೆ, ಒಂದು ಅತ್ತಿ, ಸೈಕಲ್ ಸ್ಟ್ಯಾಂಡಿಗೆ ನೆರಳಾಗಿದ್ದ ಮಳೆಮರ, ಇಷ್ಟೂ ಮಧ್ಯಾಹ್ನದ ಊಟದ ಹೊತ್ತಿಗೆ ನೆಲ ಕಂಡವು. ಯಾಕ್ರೀ ಅಂದರೆ ನಿಂತು ಕಡಿಸುತ್ತಿದ್ದವನ ಉತ್ತರ: “ಎಂಟ್ರೆನ್ಸು ನೀಟಾಗ್ ಕಾಣ್ಬೇಕಲ್ಲ ಸಾ, ಬರೀ ಎಲೆ ಉದುರ್ತವೆ.” ಮರ ಎಲೆ ಉದುರಿಸಿದ್ದೇ ಅಪರಾಧ! ಆ ಜಾಗಕ್ಕೆ ಇಂಟರ್‌ಲಾಕ್ ಹಾಸಿದರು. ನರ್ಸರಿಯಿಂದ ಕುಂಡಗಳನ್ನು ಬಾಡಿಗೆಗೆ ತಂದು ಸಾಲಾಗಿ ಜೋಡಿಸಿದರು. ಅವುಗಳ ಮುಂದೆ ನಿಂತು ಜಿಯೋಟ್ಯಾಗ್ ಫೋಟೊ ತೆಗೆದು ‘ಹಸಿರು ಕ್ಯಾಂಪಸ್’ ಕಡತಕ್ಕೆ ಸೇರಿಸಿದರು. ಸಮಿತಿ ಹೋದ ಮಾರನೇ ದಿನ ಕುಂಡಗಳೂ ಲಗೇಜ್ ಆಟೊ ಹತ್ತಿದವು.

ನ್ಯಾಕ್ ಕೇಳಿದ್ದು ಇದನ್ನಲ್ಲ. ಅದರ ಏಳನೇ ಮಾನದಂಡದಲ್ಲಿ ಮಳೆನೀರು ಕೊಯ್ಲು ಇದೆಯೇ, ಕೊಳವೆಬಾವಿ ಮರುಪೂರಣ ಇದೆಯೇ, ಗಿಡಮರ ಬೆಳೆಸಿದ್ದೀರಾ ಎಂದು ಒಂದೊಂದಾಗಿ ಕೇಳಿದ್ದರು. ನಾಲ್ಕನೆಯದರಲ್ಲಂತೂ ಕ್ಯಾಂಪಸ್ ನಿರ್ವಹಣೆಗೇ ಒಂದು ಪ್ರತ್ಯೇಕ ಅಂಶವಿತ್ತು. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಬರೆಯುವ ನಾವು ಮರ ಕಡಿದು ಮರದ ಅಂಕ ಪಡೆಯುತ್ತೇವೆ. 2025ರ ಫೆಬ್ರುವರಿಯಲ್ಲಿ ಆಂಧ್ರದ ಒಂದು ವಿಶ್ವವಿದ್ಯಾಲಯದ ಗ್ರೇಡಿಗಾಗಿ ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ತಪಾಸಣಾ ಸಮಿತಿಯವರನ್ನೇ ಸಿಬಿಐ ಬಂಧಿಸಿತ್ತು. ಅದಕ್ಕೆ ಹೋಲಿಸಿದರೆ ಬಾಡಿಗೆ ಕುಂಡ ಸಣ್ಣ ಮೋಸವೇ ಇರಬಹುದು. ಆದರೆ ಕುಂಡ ತೋರಿಸಲು ಕಡಿದ ಮರ ಸಣ್ಣದಾಗಿರಲಿಲ್ಲ.

ಇದು ಎಂಥ ಜಿಲ್ಲೆ ಅನ್ನುವುದಾದರೂ ನೆನಪಿರಬೇಕಿತ್ತು. ವರ್ಷವಿಡೀ ಹರಿಯುವ ಒಂದೇ ಒಂದು ನದಿ ಇಲ್ಲಿಲ್ಲ. ನಂದಿ ಬೆಟ್ಟದ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ ಇಳಿಯುತ್ತಿದ್ದ ಅರ್ಕಾವತಿ, ಹೊಸಕೋಟೆ ಕೆರೆ ತುಂಬಿಸುತ್ತಿದ್ದ ದಕ್ಷಿಣ ಪಿನಾಕಿನಿ ಎರಡೂ ಹೆಸರಿಗಷ್ಟೇ ನದಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ತಾಲ್ಲೂಕುಗಳು ಅಂತರ್ಜಲವನ್ನು ಮಿತಿಮೀರಿ ಬಳಸಿದ ಪಟ್ಟಿಯಲ್ಲಿವೆ. ರೈತ ಸಾವಿರ ಅಡಿ ಕೊರೆಸಿ ಬರೀ ಧೂಳು ಕಂಡು ಸಾಲಗಾರನಾದ ನೆಲ ಇದು. ಇಂಥ ನೆಲದಲ್ಲಿ ಕಾಲೇಜಿನ ಅಂಗಳಕ್ಕೆ ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್ ಬಡಿದು ಒಂದು ಹನಿಯೂ ಇಂಗದಂತೆ ಮಾಡುವುದಕ್ಕೆ ‘ಅಭಿವೃದ್ಧಿ ಕಾಮಗಾರಿ’ ಎಂದು ಬೋರ್ಡು ಹಾಕುತ್ತಾರೆ.

ಲೆಕ್ಕ ಕಷ್ಟದ್ದೇನಲ್ಲ, ಬಿಎಸ್ಸಿ ಹುಡುಗರೇ ಹಾಕಬಹುದು. ಇಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಹತ್ತು ಸಾವಿರ ಚದರಡಿಯ ತಾರಸಿ ಮೇಲೆ ಬೀಳುವ ನೀರು ಏಳು ಲಕ್ಷ ಲೀಟರ್ ಮೀರುತ್ತದೆ. ಕಾಲು ಭಾಗ ಪೋಲಾಯಿತು ಅಂದುಕೊಂಡರೂ 6,000 ಲೀಟರಿನ ಟ್ಯಾಂಕರು 90 ಸಲ ಬಂದಷ್ಟು ನೀರು. ಅದನ್ನು ಪೈಪಿನಲ್ಲಿ ಮೋರಿಗೆ ಬಿಟ್ಟು, ಫೆಬ್ರುವರಿಯಿಂದ ಮಕ್ಕಳ ಶುಲ್ಕದ ದುಡ್ಡಿನಲ್ಲಿ ಟ್ಯಾಂಕರ್ ತರಿಸುತ್ತಾರೆ. ಇಂಗುಗುಂಡಿ ಇಲ್ಲವೇ ಅಂದರೆ, ಇದೆ. ಒಡೆದ ಬೆಂಚು, ಸಿಮೆಂಟಿನ ಖಾಲಿ ಚೀಲ, ಹಳೇ ಉತ್ತರ ಪತ್ರಿಕೆ ತುಂಬಿಕೊಂಡು ಬಾಯಿ ಕಟ್ಟಿದೆ. ಗೋಡೆಯ ಮೇಲೆ ‘ನೀರು ಅಮೂಲ್ಯ’ ಅಂತ ಬರೆಸಿರುವುದು ಮಾತ್ರ ಫಳಫಳ ಹೊಳೆಯುತ್ತದೆ.

ಈ ನೀರಿನ ಸಂಕಟ ಮೊದಲು ಬೀಳುವುದು ಹೆಣ್ಣುಮಕ್ಕಳ ಮೇಲೆ. ನೀರಿಲ್ಲ ಅಂತ ಅವರ ಶೌಚಾಲಯಕ್ಕೆ ಬೀಗ. ಬೆಳಗಿನ ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದ ಹುಡುಗಿಯರು ಮನೆಗೆ ವಾಪಸಾಗುವ ತನಕ ಗುಟುಕು ನೀರು ಕುಡಿಯದೆ ಕೂರುತ್ತಾರೆ. ಯಾವ ಕಡತದಲ್ಲೂ ಇದರ ಫೋಟೊ ಇಲ್ಲ.

ಇನ್ನು ತಾರಸಿ ಹತ್ತಿ ನೋಡಿ, ನಾನು ನೋಡಿದ್ದೇನೆ. ತಾರಸಿಯ ನೀರು ಇಳಿಯುವ ಪೈಪಿನ ಬಾಯಲ್ಲಿ ಒಂದು ಅರಳಿ ಸಸಿ. ಬೇರು ಬಾಯಿ ಮುಚ್ಚಿದೆ, ಸುತ್ತ ಕೆಸರು ಕಟ್ಟಿದೆ, ನೀರು ನಿಂತಿದೆ. ನಿಂತ ನೀರು ಸ್ಲ್ಯಾಬಿಗೆ ಇಳಿಯುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಕಬ್ಬಿಣ ಕಾಂಕ್ರೀಟನ್ನು ಸೀಳಿ ಹೆಕ್ಕಳಿಕೆ ಎಬ್ಬಿಸುತ್ತದೆ. ಕೆಳಗೆ ಗ್ರಂಥಾಲಯ. ಕನ್ನಡದ ಕಪಾಟಿನ ಪುಸ್ತಕಗಳು ನೆಂದು ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಲು ಹೋದರೆ ಹಾಳೆ ಹಪ್ಪಳದಂತೆ ಮುರಿಯುತ್ತಿತ್ತು. ಅವನ್ನೆಲ್ಲ ‘ಕಂಡಮ್’ ಮಾಡಿ ತೂಕಕ್ಕೆ ಹಾಕಿದರು. ಇಷ್ಟಕ್ಕೆಲ್ಲ ಮದ್ದು ಏನಿತ್ತು? ಮುಂಗಾರಿಗೆ ಮುಂಚೆ ಒಬ್ಬರು ಪೊರಕೆ ಹಿಡಿದು ಮೇಲೆ ಹತ್ತಿದ್ದರೆ ಆಗಿತ್ತು.

ಆ ಒಬ್ಬರು ಯಾರು? ಗ್ರೂಪ್ ಡಿ ಹುದ್ದೆ ಖಾಲಿ. ಹೊರಗುತ್ತಿಗೆಯವರಿಗೆ ಸಂಬಳ ಆಗಿಲ್ಲ. ಪ್ರಿನ್ಸಿಪಾಲರು ಪಿಡಬ್ಲ್ಯೂಡಿಗೆ ಪತ್ರ ಬರೆಯುತ್ತಾರೆ, ಅಲ್ಲಿಂದ ಎಸ್ಟಿಮೇಟ್ ಬರುವ ಹೊತ್ತಿಗೆ ಪ್ರಿನ್ಸಿಪಾಲರಿಗೇ ವರ್ಗ. ಕಾಲೇಜು ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅವರಿಗೆ ತಾರಸಿ ಗುಡಿಸುವುದರಲ್ಲಿ ಏನು ಸಿಗುತ್ತದೆ ಹೇಳಿ? ಗುಡಿಸುವುದಕ್ಕೆ ಗುದ್ದಲಿ ಪೂಜೆ ಇಲ್ಲ, ಶಿಲಾನ್ಯಾಸದ ಕಲ್ಲಿಲ್ಲ, ಫ್ಲೆಕ್ಸಿಲ್ಲ, ಗುತ್ತಿಗೆದಾರನೂ ಇಲ್ಲ. ಸೋರಲಿ ಬಿಡಿ, ನಾಲ್ಕು ಮಳೆಗಾಲ ಸೋರಿದರೆ ಎಂಜಿನಿಯರು ಬಂದು ‘ಶಿಥಿಲ’ ಅಂತ ಬರೆದುಕೊಡುತ್ತಾರೆ. ಆಗ ಕೋಟಿಗಳ ಕ್ರಿಯಾ ಯೋಜನೆ, ಹೊಸ ಬ್ಲಾಕು. ಅದಕ್ಕೆ ಜಾಗ ಬೇಕಲ್ಲ, ಮತ್ತೆ ಮರಕ್ಕೇ ಗರಗಸ. ಇದನ್ನು ಅಜಾಗ್ರತೆ ಅನ್ನುವುದೂ ಮರ್ಯಾದೆ ಕೊಟ್ಟಂತೆ. ಕೆಡಲು ಬಿಡುವುದರಲ್ಲೇ ಇಲ್ಲಿ ಲಾಭವಿದೆ.

ಮೈಸೂರಿನ ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜು ಕಣ್ಣಮುಂದೆಯೇ ಇದೆ. ನೂರು ವರ್ಷ ಕಂಡ ಆ ಕಟ್ಟಡದ ರಸಾಯನಶಾಸ್ತ್ರದ ಭಾಗ 2022ರ ಅಕ್ಟೋಬರ್ ಮಳೆಗೆ ಕುಸಿಯಿತು. ಮುನ್ಸೂಚನೆ ಕಂಡು ಮಕ್ಕಳನ್ನು ಹೊರಗೆ ಕಳಿಸಿದ್ದರಿಂದ ಜೀವ ಉಳಿದವು. 2025ರ ಜನವರಿಯಲ್ಲಿ ಅಲ್ಲಿ ಹಳೆಯದನ್ನು ಕೆಡಹುವಾಗ ಒಬ್ಬ ಕಾರ್ಮಿಕ ಅವಶೇಷದಡಿ ಸಿಕ್ಕಿ ಸತ್ತ. ಕಾಯದೆ ಬಿಟ್ಟ ಕಟ್ಟಡ ಬೀಳುವಾಗಲೂ ಅಪಾಯ, ಬೀಳಿಸುವಾಗಲೂ ಅಪಾಯ.

ನಮಗೆ ಗೊತ್ತಿರಲಿಲ್ಲ ಅನ್ನುವ ನೆಪ ಈ ಜಿಲ್ಲೆಯವರಿಗೆ ಒಪ್ಪುವುದಿಲ್ಲ. ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು 2007ರಲ್ಲಿ ಘೋಷಣೆಯಾದದ್ದು ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು, ಐವತ್ತು ಎಕರೆಗೂ ಮಿಗಿಲು. 2010ರಲ್ಲಿ ಅದೇ ಮನ್ನಣೆ ಸಿಕ್ಕಿದ್ದು ಪಕ್ಕದ ಬೆಂಗಳೂರಿನ ಒಂದು ಕ್ಯಾಂಪಸ್ಸಿಗೆ: ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ. ಪಾಠ ಹೇಳುವ ಜಾಗವೂ ಮರ, ಹಕ್ಕಿ, ಹುಳುಹುಪ್ಪಟೆ ಇಟ್ಟುಕೊಂಡು ನಡೆಯಬಹುದು ಎಂದು ಸರ್ಕಾರವೇ ಒಪ್ಪಿ ಗೆಜೆಟ್ಟಿನಲ್ಲಿ ಬರೆದುಕೊಟ್ಟಿದೆ.

ಕಾನೂನೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಇರುವ ಜಾತಿಗಳನ್ನು ಬಿಟ್ಟು ಮಿಕ್ಕ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಐವತ್ತಕ್ಕಿಂತ ಹೆಚ್ಚಿದ್ದರೆ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. ಸರ್ಕಾರಿ ಕಾಲೇಜು ಅಂದ ಮಾತ್ರಕ್ಕೆ ಮಾಫಿ ಇಲ್ಲ. ಅದಕ್ಕೇ ಜಾಣರು ಒಂದೇ ಸಲ ಕಡಿಯುವುದಿಲ್ಲ. ರಜೆಗೆ ನಾಲ್ಕು, ಹಬ್ಬಕ್ಕೆ ಆರು.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ವಿದ್ಯಾರ್ಥಿಗಳೇ, ಪೋಷಕರೇ, ನಿಮ್ಮ ನಿಮ್ಮ ಕಾಲೇಜಿಗೆ ಹಾಕಿ. ಐದು ವರ್ಷದಲ್ಲಿ ಎಷ್ಟು ಮರ ಕಡಿದಿರಿ, ಅನುಮತಿ ಪತ್ರ ಎಲ್ಲಿ, ಸೌದೆ ಯಾರ ಲಾರಿಯಲ್ಲಿ ಎಷ್ಟಕ್ಕೆ ಹೋಯಿತು? ಟ್ಯಾಂಕರಿಗೆ ಎಷ್ಟು ಕೊಟ್ಟಿರಿ? ತಾರಸಿ ಕೊನೆಯ ಸಲ ಗುಡಿಸಿದ್ದು ಯಾವ ತಾರೀಖು? ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ? ಹಾಗೆಯೇ ಕಳೆದ ಗುದ್ದಲಿ ಪೂಜೆಯ ಶಾಮಿಯಾನ, ಹಾರ, ತಿಂಡಿಯ ಬಿಲ್ಲನ್ನು ಯಾವ ಲೆಕ್ಕಕ್ಕೆ ಹಾಕಿದ್ದೀರಿ ಅಂತಲೂ ಒಂದು ಸಾಲು ಸೇರಿಸಿ.