ಹಿತ್ತಲ ಗೆಣಸಿಗೆ ರುಚಿ ಇಲ್ಲವೇ?



ಈ ಸಲ ನಾನು ಗೆಣಸಿನ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿರಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ನಗಿರಿ.

ನಮ್ಮ ಬೆಳಗಾವಿ ಕಡೆ ಗೆಣಸು ಅಂದರೆ ಹೊರಗೆ ಕೆಂಪು, ಒಳಗೆ ಬಿಳಿ. ನಮಗೆ ಗೊತ್ತಿದ್ದದ್ದು ಅದೊಂದೇ. ಈ ವರ್ಷ ನಮ್ಮಪ್ಪ ಎರಡು ಹೊಸ ತಳಿಯ ಬಳ್ಳಿ ತಂದು ಬಾವಿಯ ಹತ್ತಿರ ನಾಲ್ಕು ಸಾಲು ಹಚ್ಚಿದ್ದರು. ಒಂದು ಭೂ ಸೋನಾ, ಅದರ ಒಳಗೆ ಗಜ್ಜರಿಯಂಥ ಕೇಸರಿ ಬಣ್ಣ. ಇನ್ನೊಂದು ಭೂ ಕೃಷ್ಣ, ಅದರ ಒಳಗೆ ನೇರಳೆ ಬಣ್ಣ. ಇವು ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ತಳಿಗಳು.

ದೀಪಾವಳಿ ಆದ ಮೇಲೆ ಅಗೆದೆವು. ಅವ್ವ ಕುದಿಸಿ ಮುಂದಿಟ್ಟಳು. "ಇದಕ್ಕೇನ ಬಣ್ಣ ಹಾಕ್ಯಾರೇನ? ನನಗ ಬ್ಯಾಡ" ಎಂದಳು ಅಜ್ಜಿ. ತಮ್ಮ ನೇರಳೆ ಗೆಣಸು ನೋಡಿ "ಕೆಟ್ಟೈತಿ" ಅಂದ. ಸುಳ್ಳು ಯಾಕೆ ಹೇಳಲಿ, ನಾನೂ ಮುಟ್ಟಲಿಲ್ಲ. ಮರುದಿನ ಎಲ್ಲಾ ಎಮ್ಮೆಗೆ ಹಾಕಿದೆವು. ಅಪ್ಪ ಏನೂ ಅನ್ನಲಿಲ್ಲ.

ಅದೇ ವಾರ ಮಿಲಿಟರಿಯಲ್ಲಿರುವ ನಮ್ಮ ಸೋದರಮಾವ ಹಿಮಾಚಲ ಪ್ರದೇಶದಿಂದ ರಜೆಗೆ ಬಂದರು. ಒಂದು ಚೀಲದಲ್ಲಿ ಕಂದು ಬಣ್ಣದ ಕಾಯಿ ತಂದಿದ್ದರು. ಅದರ ಹೆಸರು ಚೆಸ್ಟ್‌ನಟ್. ಸಿಪ್ಪೆಗೆ ಚಾಕುವಿನಿಂದ ಗೀರು ಹಾಕಿಯೇ ಕೆಂಡದಲ್ಲಿ ಸುಡಬೇಕು, ಇಲ್ಲದಿದ್ದರೆ ಒಳಗಿನ ಹಬೆಗೆ ಪಟ್ ಅಂತ ಸಿಡಿಯುತ್ತದೆ. ಸುಡುವ ತನಕ ಯಾರೂ ಒಲೆಯ ಮುಂದಿನಿಂದ ಏಳಲಿಲ್ಲ. ತಮ್ಮನಿಗೆ ಮೂರು, ನನಗೆ ಎರಡೇ ಬಂದವೆಂದು ಜಗಳವೂ ಆಯಿತು. ಅಜ್ಜಿ ಮೆಲ್ಲಗೆ ಅಗಿದು, "ಹಲಸಿನ ಬೀಜದ ಹಂಗ ಐತಿ, ಚೂರು ಗೆಣಸಿನ ಸಿಹಿ ಐತಿ" ಅಂದಳು.

ಆಗ ನನಗೆ ನಾಚಿಕೆಯಾಯಿತು. ಚೆಸ್ಟ್‌ನಟ್ ನಮಗೆ ಹೊಸದು, ಕೇಸರಿ ಗೆಣಸೂ ಹೊಸದು. ದೂರದಿಂದ ಬಂದದ್ದಕ್ಕೆ ಜಗಳಾಡಿದೆವು, ಅಪ್ಪ ಬೆಳೆದದ್ದನ್ನು ಎಮ್ಮೆಗೆ ಹಾಕಿದೆವು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನಮ್ಮಂಥವರಿಗೇ ಮಾಡಿದ್ದು.

ಉಳಿದ ಕೆಂಡದಲ್ಲಿ ನಾನು ಮೂರೂ ಬಗೆಯ ಗೆಣಸು ಹುಗಿದೆ. ನಿಧಾನ ಬೆಂದರೆ ಗೆಣಸಿನ ಪಿಷ್ಟ ಸಕ್ಕರೆಯಾಗುತ್ತದೆ, ಅದಕ್ಕೇ ಸುಟ್ಟದ್ದು ಹೆಚ್ಚು ಸಿಹಿ. ಕೇಸರಿ ಗೆಣಸು ಬೆಣ್ಣೆಯಂತೆ ಮೆತ್ತಗಿತ್ತು, ಬಹಳ ಚಲೋ ಇತ್ತು. ನೇರಳೆ ಗೆಣಸು ನನಗೆ ಅಷ್ಟಕ್ಕಷ್ಟೇ. ನಮ್ಮ ಹಳೆಯ ಬಿಳಿ ಗೆಣಸನ್ನು ನಾನು ಬಿಡುವುದಿಲ್ಲ.

ಬಣ್ಣ ಯಾರೂ ಹಾಕಿದ್ದಲ್ಲ. ಕೇಸರಿ ಬಣ್ಣ ಬೀಟಾ ಕ್ಯಾರೋಟಿನ್‌ನಿಂದ ಬರುತ್ತದೆ. ಭೂ ಸೋನಾದ 100 ಗ್ರಾಂನಲ್ಲಿ ಅದು ಸುಮಾರು 14 ಮಿಲಿಗ್ರಾಂ ಇದೆ, ಬಿಳಿ ಗೆಣಸಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ದೇಹ ಅದರಿಂದ ಎ ಜೀವಸತ್ವ ಮಾಡಿಕೊಳ್ಳುತ್ತದೆ. ಆ ಜೀವಸತ್ವ ಕಡಿಮೆಯಾದರೆ ಇರುಳುಗುರುಡು ಬರುತ್ತದೆಂದು ವಿಜ್ಞಾನದಲ್ಲಿ ಓದಿದ್ದೇವೆ. ಇಷ್ಟಕ್ಕೂ ಗೆಣಸೇ ಅಮೆರಿಕದ ಬೆಳೆ, ಪೋರ್ಚುಗೀಸರ ಜೊತೆ ನಮ್ಮ ದೇಶಕ್ಕೆ ಬಂತು. ಅಂದು ಯಾರೋ ಒಬ್ಬರು ಧೈರ್ಯ ಮಾಡಿ ತಿಂದರು, ಅದಕ್ಕೇ ಇಂದು ಅದು 'ನಮ್ಮ ಗೆಣಸು'.

ಸಂತೆಯ ದಿನ ಅಪ್ಪ ಒಂದು ಚೀಲ ಕೇಸರಿ ಗೆಣಸು ಒಯ್ದರು. ವ್ಯಾಪಾರಿ ಒಂದನ್ನು ಮುರಿದು ನೋಡಿ, "ಈ ಬಣ್ಣದ್ದು ಯಾರೂ ಕೊಳ್ಳಂಗಿಲ್ಲ" ಎಂದು ವಾಪಸು ಕಳಿಸಿದ. ಮುಂದಿನ ವರ್ಷ ಹಚ್ಚುವುದಿಲ್ಲ ಅಂತ ಅಪ್ಪ ಹೇಳಿದ್ದಾರೆ. ನಾನು ಆ ವ್ಯಾಪಾರಿಯನ್ನು ಬೈಯಲಾರೆ. ಬೆಳೆದವರ ಮನೆಯವರೇ ತಿನ್ನದಿದ್ದರೆ ಅವನು ಯಾಕೆ ಕೊಳ್ಳಬೇಕು?

ಹೊಲದಲ್ಲಿ ಏನು ಬೆಳೆಯಬೇಕು ಅನ್ನುವುದನ್ನು ರೈತ ಒಬ್ಬನೇ ನಿರ್ಧರಿಸುವುದಿಲ್ಲ, ತಿನ್ನುವವರೂ ನಿರ್ಧರಿಸುತ್ತಾರೆ. ಇದು ನನ್ನ ಅಭಿಪ್ರಾಯ. ಆದ್ದರಿಂದ ತಿಂದು ನೋಡಿ ಬೇಡ ಅನ್ನಿರಿ, ಬರೇ ಕಣ್ಣಿಂದ ನೋಡಿ ಬೇಡ ಅನ್ನಬೇಡಿರಿ.

ಗುರುಗಳು ಒಪ್ಪಿದರೆ ಬರುವ ಶನಿವಾರ ಸುಟ್ಟ ಗೆಣಸು ತರುತ್ತೇನೆ. ಎಲ್ಲರಿಗೂ ಒಂದೊಂದು ಚೂರು ಬರುತ್ತದೆ. ಬಾವಿಯ ಹತ್ತಿರದ ಬಳ್ಳಿಯನ್ನು ಅಪ್ಪ ಇನ್ನೂ ಕಿತ್ತು ಹಾಕಿಲ್ಲ.

ತಪ್ಪಿದ್ದರೆ ಕ್ಷಮಿಸಿರಿ.

– ಏಳನೇ ತರಗತಿಯ ವಿದ್ಯಾರ್ಥಿನಿ