ತುಪ್ಪ ಕೊಡದ ಜೇನು

ಕನ್ನಡದಲ್ಲಿ ಜೇನಿಗೆ ಹೆಸರುಗಳ ಕೊರತೆಯಿಲ್ಲ. ಕಾವ್ಯದಲ್ಲಿ ಅದು ದುಂಬಿ, ಅಳಿ, ಭೃಂಗ, ಮಧುಕರ. ಆರು ಕಾಲುಗಳುಳ್ಳದ್ದಾದ್ದರಿಂದ ಷಟ್ಪದ. ರಾಘವಾಂಕ, ಕುಮಾರವ್ಯಾಸರ ಆರು ಪಾದದ ಪದ್ಯಜಾತಿಗೂ ಅದೇ ಎಣಿಕೆಯಿಂದ ಷಟ್ಪದಿ ಎಂಬ ಹೆಸರು. ಆಡುಮಾತಿನ ವಿಂಗಡಣೆ ಇನ್ನೂ ಖಚಿತವಾದುದು. ಬಂಡೆಗೂ ಎತ್ತರದ ಕೊಂಬೆಗೂ ಜೋತುಬೀಳುವುದು ಹೆಜ್ಜೇನು. ಪೊಟರೆಯಲ್ಲಿ ಹಲವು ಎರಿಗಳನ್ನು ಕಟ್ಟಿ, ಪೆಟ್ಟಿಗೆಗೂ ಒಗ್ಗುವುದು ತುಡುವೆ. ಪೊದೆಯ ಕಡ್ಡಿಗೆ ಒಂದೇ ಎರಿ ಕಟ್ಟುವುದು ಕೋಲುಜೇನು. ಗೋಡೆಯ ಸಂದಿಯಲ್ಲಿ ನೆಲೆಸುವ, ಕುಟುಕಲಾರದ ಪುಟ್ಟ ಜೇನು ಮುಜಂಟಿ.

ಈ ಪಟ್ಟಿಯನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಜನರ ನಾಲಗೆಯಲ್ಲಿ ನೆಲೆನಿಂತ ಈ ಹೆಸರುಗಳೆಲ್ಲ ತುಪ್ಪ ಕೊಡುವ ಜೇನುಗಳವು. ಆದರೆ ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಬಗೆಯ ಜೇನುಗಳಿದ್ದು, ಅವುಗಳಲ್ಲಿ ಬಹುಪಾಲು ಗೂಡು ಕಟ್ಟಿ ಗುಂಪಾಗಿ ಬಾಳುವುವಲ್ಲ, ಮನುಷ್ಯನಿಗೆ ತುಪ್ಪ ಕೊಡುವುವೂ ಅಲ್ಲ. ಒಂಟಿಯಾಗಿ ನೆಲದಲ್ಲೋ ಮಣ್ಣುಗೋಡೆಯಲ್ಲೋ ಒಣಮರದಲ್ಲೋ ಬಿಲ ಕೊರೆದು ಬಾಳುವ ಈ ಜೇನುಗಳು ಕೊಡುವುದು ಕಾಯಿ, ಹಣ್ಣು, ಬೀಜ. ಮಕ್ಕಳಿಗೆ ಮೊದಲು ಪರಿಚಯಿಸಬೇಕಾದದ್ದು ಈ ಹೆಸರಿಲ್ಲದ ಜೇನನ್ನು.

ಇದಕ್ಕೆ ಮೊರಪ್ಪೂರಿನಂತಹ ಊರು ತಕ್ಕ ನೆಲ. ಸೇಲಂ–ಜೋಲಾರ್‌ಪೇಟೆ ರೈಲುಮಾರ್ಗದಲ್ಲಿರುವ ಈ ಊರು, 1965ರಲ್ಲಿ ಸೇಲಂನಿಂದ ಬೇರ್ಪಟ್ಟು ರೂಪುಗೊಂಡ ಧರ್ಮಪುರಿ ಜಿಲ್ಲೆಗೆ ಸೇರಿದ್ದು. ಮಳೆಯನ್ನು ನೆಚ್ಚಿದ ಈ ಒಣನೆಲದ ಬೇಲಿಗಳಲ್ಲಿ, ಕುರುಚಲು ಬಯಲುಗಳಲ್ಲಿ ತಂಗಡಿ ಗಿಡ ಹಳದಿಯಾಗಿ ಅರಳುತ್ತದೆ. ಕೆಲವೆಡೆ ಆವರಿಕೆ ಎಂದೂ ಕರೆಯುವ ಈ ಗಿಡದ ಹೂವನ್ನು ತಮಿಳರು ಆವಾರಂಪೂ ಎನ್ನುತ್ತಾರೆ. ಪೊಂಗಲ್ ಹಬ್ಬದಲ್ಲಿ ಬೇವಿನೆಲೆಯೊಡನೆ ಮನೆಯ ಸೂರಿಗೆ ಸಿಕ್ಕಿಸುತ್ತಾರೆ. ಈ ಹೂವಿನಲ್ಲಿ ಮಕರಂದವಿಲ್ಲ, ಇರುವುದು ಪರಾಗ ಮಾತ್ರ. ಅದೂ ಕೇಸರದ ತುದಿಯ ಕಿರುರಂಧ್ರದೊಳಗೆ, ಉಪ್ಪಿನ ಡಬ್ಬಿಯ ಉಪ್ಪಿನಂತೆ ಅಡಗಿರುತ್ತದೆ. ಅಲುಗಿಸಿದರಷ್ಟೇ ಹೊರಬೀಳುತ್ತದೆ.

ಅಲುಗಿಸುವ ವಿದ್ಯೆ ತುಡುವೆಗೂ ಹೆಜ್ಜೇನಿಗೂ ತಿಳಿಯದು. ಅದನ್ನು ಬಲ್ಲವು ಒಣಮರ ಕೊರೆಯುವ ದೊಡ್ಡ ಕಪ್ಪುದುಂಬಿ ಮತ್ತು ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂದು ಚಿಕ್ಕ ಜೇನು. ವಿಜ್ಞಾನಿಗಳು ಅಮೆಜಿಲ್ಲಾ ಎಂದು ಕರೆಯುವ ಈ ನೀಲಿಪಟ್ಟೆಯ ಜೇನು ಹೂವನ್ನು ತಬ್ಬಿ ಹಿಡಿದು, ರೆಕ್ಕೆಗಳನ್ನು ಬೀಸದೆಯೇ ಹಾರಾಟದ ಸ್ನಾಯುಗಳನ್ನು ಕಂಪಿಸುತ್ತದೆ. ಗುಂಯ್ ಎಂಬ ಸದ್ದಿನೊಡನೆ ಪರಾಗ ಅದರ ಮೈಮೇಲೆ ಸುರಿಯುತ್ತದೆ. ಬದನೆಯ ಹೂವಿಗೂ ಟೊಮೆಟೊ ಹೂವಿಗೂ ಇದೇ ಬಗೆಯ ಸೇವೆ ಬೇಕು. ಟೊಮೆಟೊ ಗಾಳಿಯ ಅಲುಗಾಟದಿಂದಲೂ ಕಾಯಿ ಕಟ್ಟಬಲ್ಲದು, ನಿಜ. ಆದರೆ ಈ ಕಂಪನ ದೊರೆತಾಗ ಕಾಯಿ ಹೆಚ್ಚು, ಗಾತ್ರವೂ ಮಿಗಿಲು. ಪಾಲಕ್ಕೋಡಿನ ಮಾರುಕಟ್ಟೆಗೆ ಬರುವ ಟೊಮೆಟೊ ಬುಟ್ಟಿಯಲ್ಲಿ ಈ ಕೂಲಿಯಿಲ್ಲದ ಆಳಿನ ಪಾಲೂ ಇದೆ. ಆಸ್ಟ್ರೇಲಿಯಾದ ಸಂಶೋಧಕರು ಹಸಿರುಮನೆಯ ಟೊಮೆಟೊ ಬೆಳೆಗೆ ಇದೇ ಕುಲದ ಜೇನನ್ನು ಬಳಸಿ ನೋಡಿದ್ದಾರೆ. ಅಲ್ಲಿ ಪ್ರಯೋಗಕ್ಕೆ ತಕ್ಕುದಾದ ಜೀವ ಇಲ್ಲಿ ಹೆಸರಿಗೂ ತಕ್ಕುದಲ್ಲವಾಗಿರುವುದು ಸೋಜಿಗ.

ಹೆಸರಿಲ್ಲದಿರುವುದು ಬರಿಯ ನಿಘಂಟಿನ ಕೊರತೆಯಲ್ಲ. ಈ ಜೇನಿನ ಹೆಣ್ಣು ಮೆದುಮಣ್ಣಿನಲ್ಲೋ ಹಳೆಯ ಮಣ್ಣುಗೋಡೆಯಲ್ಲೋ ಬಿಲ ತೋಡಿ, ಒಂದೊಂದು ಕೋಣೆಯಲ್ಲಿ ಪರಾಗ, ಮಕರಂದದ ಬುತ್ತಿಯಿಟ್ಟು ಒಂದೊಂದು ಮೊಟ್ಟೆಯಿಡುತ್ತದೆ. ಮಣ್ಣುಗೋಡೆ ಬಿದ್ದು ಸಿಮೆಂಟಿನ ಗೋಡೆ ಎದ್ದಾಗ, ಬದುವಿನ ತಂಗಡಿಯನ್ನು ಸವರಿದಾಗ, ಹೂಬಿಟ್ಟ ಹೊಲಕ್ಕೆ ಹಗಲಿನಲ್ಲಿ ವಿಷ ಸಿಂಪಡಿಸಿದಾಗ ಅದರ ಸಂತತಿ ಅಳಿಯುತ್ತದೆ. ಹೆಜ್ಜೇನಿನ ಗೂಡು ಹಾಳಾದರೆ ಊರಿಗೆ ತಿಳಿಯುತ್ತದೆ. ಇದು ಅಳಿದರೆ ಕೇಳುವವರಿಲ್ಲ. ಭಾಷೆಯೂ ಇಲ್ಲಿ ಗೊಂದಲ ಬೆಳೆಸಿದೆ. ಕಾವ್ಯದ ದುಂಬಿ ಹೂವಿನ ಗೆಳೆಯ. ಕೃಷಿ ಪುಸ್ತಕದ ದುಂಬಿಯೋ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ, ಕೊಲ್ಲಬೇಕಾದ ಶತ್ರು. ಎರಡನ್ನೂ ಓದುವ ಬಾಲಕನಿಗೆ ವ್ಯತ್ಯಾಸ ಹೇಳಿಕೊಡುವವರು ಯಾರು?

ಧರ್ಮಪುರಿ, ಸೇಲಂ ಸೀಮೆಯ ಕನ್ನಡ ಮನೆಗಳ ಮಕ್ಕಳಿಗೆ ಈ ಪ್ರಶ್ನೆ ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಮನೆಯಲ್ಲಿ ಅವರು ಕೇಳುವುದು ಜೇನು, ಶಾಲೆಯಲ್ಲಿ ಕಲಿಯುವುದು ತೇನ್. ಎರಡೂ ಒಂದೇ ದ್ರಾವಿಡ ಬೇರಿನ ಚಿಗುರುಗಳು. ಹಳೆಯ ತಮಿಳು ಕಾವ್ಯದಲ್ಲಿ ಜೇನಾಗಿದ್ದ ತುಂಬಿ ಇಂದಿನ ತಮಿಳಿನಲ್ಲಿ ಏರೋಪ್ಲೇನ್ ಚಿಟ್ಟೆ. ಕನ್ನಡದ ದುಂಬಿ ಅದರ ಒಡಹುಟ್ಟು. ಎರಡು ನುಡಿಗಳನ್ನು ಬಲ್ಲ ಮಗು ಒಂದು ಹುಳವನ್ನು ನೋಡುತ್ತ ಎರಡು ಸಾಹಿತ್ಯಗಳ ಬಾಗಿಲು ತೆರೆಯಬಲ್ಲದು. ಗಡಿನಾಡಿನ ಮಕ್ಕಳ ದ್ವಿಭಾಷಿಕತೆಯನ್ನು ಕೊರತೆಯೆಂದು ಎಣಿಸುವವರು ಇದನ್ನು ಯೋಚಿಸಬೇಕು.

ಮಕ್ಕಳನ್ನು ಜೇನಿನ ಬಳಿಗೆ ಒಯ್ಯುವುದು ಅಪಾಯವೆಂಬ ಆಕ್ಷೇಪಕ್ಕೆ ಅರ್ಥವಿದೆ. ಹೆಜ್ಜೇನಿನ ಗೂಡಿನ ಬಳಿ ಸುಳಿಯಬಾರದೆಂಬುದು ಮೊದಲ ಪಾಠವೇ ಆಗಬೇಕು. ಆದರೆ ಒಂಟಿ ಜೇನಿಗೆ ಕಾಯಬೇಕಾದ ತುಪ್ಪದ ಭಂಡಾರವಿಲ್ಲ. ಹಿಡಿದು ಹಿಸುಕದ ಹೊರತು ಅದು ಕುಟುಕುವುದು ವಿರಳ. ಗಂಡಿಗಂತೂ ಕೊಂಡಿಯೇ ಇಲ್ಲ. ಎಲ್ಲ ಜೇನನ್ನೂ ಒಂದೇ ಭಯದಿಂದ ಕಾಣುವ ಮಗುವಿಗಿಂತ, ಯಾವುದರಿಂದ ದೂರವಿರಬೇಕು, ಯಾವುದನ್ನು ಸುಮ್ಮನೆ ನೋಡಬಹುದು ಎಂದು ಬಲ್ಲ ಮಗುವೇ ಹೆಚ್ಚು ಸುರಕ್ಷಿತ.

ಪಾಠಕ್ಕೆ ದೊಡ್ಡ ಸಲಕರಣೆಯೂ ಬೇಡ. ಶಾಲೆಯ ಪ್ರಯೋಗಾಲಯದ ಶ್ರುತಿಕವೆಯನ್ನು ತಟ್ಟಿ, ಅರಳಿದ ಬದನೆ ಹೂವಿನ ಕೇಸರಕ್ಕೆ ತಾಗಿಸಿದರೆ ಕರಿಯ ಕಾಗದದ ಮೇಲೆ ಹಳದಿ ಪುಡಿ ಉದುರುತ್ತದೆ. ತುಳಸಿ ಗಿಡದ ಬಳಿ ಬೆಳಗಿನ ಹೊತ್ತು ಕಾಯುವ ಮಗುವಿಗೆ ನೀಲಿಪಟ್ಟೆಯೂ ಕಂಡೀತು. ವಿಶ್ವಸಂಸ್ಥೆ 2018ರಿಂದ ಮೇ 20ನ್ನು ವಿಶ್ವ ಜೇನು ದಿನವಾಗಿ ಆಚರಿಸುತ್ತಿದೆ. ಆದರೆ ಅಂದು ಇಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ. ತಂಗಡಿ ಹೂವನ್ನು ಸೂರಿಗೆ ಸಿಕ್ಕಿಸುವ ಪೊಂಗಲ್ಲಿನ ದಿನಗಳೇ ಈ ಸೀಮೆಗೆ ಒಪ್ಪುವ ಜೇನು ದಿನ.

ಉಳಿದ ಕೆಲಸ ವಿಜ್ಞಾನ ವಿಭಾಗದ್ದಲ್ಲ, ಕನ್ನಡ ವಿಭಾಗದ್ದು. ಹೊಸ ಹೆಸರು ಟಂಕಿಸುವ ಮೊದಲು ಹಳೆಯದು ಉಳಿದಿದೆಯೇ ಎಂದು ಹುಡುಕಬೇಕು. ಕುರಿ ಕಾದವರು, ಗೋಡೆ ಸಾರಿಸಿದವರು, ಬದನೆ ಪಾತಿಗೆ ನೀರು ಕಟ್ಟಿದವರು ಈ ಹುಳವನ್ನು ಏನೆಂದು ಕರೆದರು ಎಂಬುದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕೇಳಿ, ಊರು, ಆಡಿದವರ ವಯಸ್ಸು, ಉಚ್ಚಾರಣೆಗಳೊಡನೆ ಬರೆದಿಡಬೇಕು. ಸಿಕ್ಕ ಹೆಸರನ್ನು ಆಯಾ ಊರಿನ ಮಕ್ಕಳಿಗೇ ಮರಳಿಸಬೇಕು. ಎಲ್ಲಿಯೂ ಸಿಗದಿದ್ದರೆ, ತುಳಸಿ ಗಿಡದ ಬಳಿ ಅದನ್ನು ಕಾದು ನೋಡಿದ ಮಕ್ಕಳೇ ಹೆಸರಿಡಲಿ.