ಬಿಟ್ಟಿ ತಿಂದವರು ಯಾರು?

‘ಬಿಟ್ಟಿ’ ಎಂಬ ಶಬ್ದ ಈಗ ಬಹಳ ಅಗ್ಗವಾಗಿದೆ. ಈ ನಾಡಿನಲ್ಲಿ ಅಗ್ಗವಾಗಿರುವುದು ಅದೊಂದೇ. ಯಾದಗಿರಿಯ ಚಹಾದಂಗಡಿಯಲ್ಲಿ, ಟಿವಿಯ ಚರ್ಚೆಯಲ್ಲಿ, ಹೊಟ್ಟೆ ತುಂಬಿದವರೆಲ್ಲ ಒಂದೇ ಮಾತು ಆಡುತ್ತಾರೆ: “ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸು, ಬಿಟ್ಟಿ ಎರಡು ಸಾವಿರ. ಅದಕ್ಕ ನೋಡ್ರಿ ಎಲ್ಲಾದರ ರೇಟು ಏರ್ಯಾವ. ಕೂಲಿಗಿ ಜನಾನೂ ಸಿಗವಲ್ಲರು.”

ಈ ಶಬ್ದ ಯಾರ ಮೈಮೇಲಿನ ಬರೆ ಎಂಬುದು ಇವರಿಗೆ ಗೊತ್ತಿಲ್ಲವೇ? ಬಿಟ್ಟಿ ಎಂದರೆ ಕೂಲಿ ಕೊಡದೆ ಮಾಡಿಸಿಕೊಂಡ ದುಡಿಮೆ. ಸತ್ತ ದನ ಎಳೆದದ್ದು ಬಿಟ್ಟಿ. ಊರ ತುಂಬ ಡಂಗುರ ಸಾರಿದ್ದು ಬಿಟ್ಟಿ. ಧಣಿಯ ಮನೆಯ ಮದುವೆಗೆ ಕಟಗಿ ಒಡೆದದ್ದು ಬಿಟ್ಟಿ. ನಿಜಾಮನ ಕಾಲದಲ್ಲಿ ಅಧಿಕಾರಿ ಊರಿಗೆ ಬಂದರೆ ಅವನ ಗಂಟು ಹೊತ್ತದ್ದು ಬಿಟ್ಟಿ. ತಲೆಮಾರುಗಟ್ಟಲೆ ಬಿಟ್ಟಿ ದುಡಿದವರ ಮೊಮ್ಮಕ್ಕಳಿಗೆ, ಬಿಟ್ಟಿ ದುಡಿಸಿಕೊಂಡವರ ಮೊಮ್ಮಕ್ಕಳು ಇಂದು ‘ಬಿಟ್ಟಿ ತಿನ್ನೋರು’ ಎನ್ನುತ್ತಾರೆ. ಆಗಲಿ. ಹಾಗಾದರೆ ಲೆಕ್ಕವೇ ಆಗಲಿ. ಯಾರದು ಯಾರು ತಿಂದರು ಎಂಬ ಲೆಕ್ಕ ಕೇರಿಯ ಕಟ್ಟೆಯ ಮೇಲೆ, ಎಲ್ಲರೂ ಕೇಳುವ ಹಾಗೆ ಆಗಲಿ.

ಮೊದಲನೆಯ ಮಾತು. ಬೆಲೆ ಮಳೆಯಲ್ಲ. ತಾನಾಗಿ ಬಂದು ತಾನಾಗಿ ಹೋಗುವುದಿಲ್ಲ. ಅದನ್ನು ಏರಿಸುವ ಕೈ ಇದೆ, ಇಳಿಸುವ ಕೈ ಇದೆ. ನಂಬಿಕೆ ಬಾರದಿದ್ದರೆ ತಾರೀಖು ನೋಡಿ. 2023ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ಗ್ಯಾಸ್ ಸಿಲಿಂಡರಿನ ಬೆಲೆ 1,103 ರೂಪಾಯಿ. ಆಗ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 309. ಒಂದು ಸಿಲಿಂಡರಿಗೆ ಮೂರೂವರೆ ದಿನದ ಬೆವರು. ಮುಂದೆ ಚುನಾವಣೆಗಳ ಸಾಲು ಹತ್ತಿರ ಬಂತು. 2023ರ ಆಗಸ್ಟಿನಲ್ಲಿ 200 ರೂಪಾಯಿ ಇಳಿಯಿತು. ಲೋಕಸಭೆ ಚುನಾವಣೆ ಬಾಗಿಲಿಗೆ ಬಂದಾಗ, 2024ರ ಮಾರ್ಚಿನಲ್ಲಿ, ಮತ್ತೆ 100 ಇಳಿಯಿತು. ಪೆಟ್ರೋಲು ಡೀಸೆಲ್ಲೂ ಎರಡೆರಡು ರೂಪಾಯಿ ಇಳಿದವು. ಓಟು ಬಿದ್ದಾಯಿತು. ಜೂನ್ 4ಕ್ಕೆ ಫಲಿತಾಂಶ ಬಂತು. ಹನ್ನೊಂದೇ ದಿನಕ್ಕೆ ಬೆಂಗಳೂರಿನ ಸರ್ಕಾರ ತೆರಿಗೆ ಏರಿಸಿ ಪೆಟ್ರೋಲಿಗೂ ಡೀಸೆಲ್ಲಿಗೂ ಸುಮಾರು 3 ರೂಪಾಯಿ ಹೆಚ್ಚಿಸಿತು. 2025ರ ಏಪ್ರಿಲ್‌ನಲ್ಲಿ ದಿಲ್ಲಿ ಸರ್ಕಾರ ಸಿಲಿಂಡರಿಗೆ ಮತ್ತೆ 50 ಏರಿಸಿತು. ದಿಲ್ಲಿಯದು ಒಂದು ಬಣ್ಣ, ಬೆಂಗಳೂರಿನದು ಇನ್ನೊಂದು ಬಣ್ಣ. ಪಂಚಾಂಗ ಮಾತ್ರ ಒಂದೇ. ಓಟಿಗೆ ಮುಂಚೆ ಇಳಿಸು, ಓಟು ಮುಗಿದ ಮೇಲೆ ಏರಿಸು.

ಎರಡನೆಯ ಮಾತು. ಬೆಲೆ ಏರಿದೆ ಎಂಬುದು ನಾಯಕರಿಗೆ ಗೊತ್ತಿಲ್ಲ ಎಂದು ತಿಳಿಯಬೇಡಿ. ಚೆನ್ನಾಗಿ ಗೊತ್ತಿದೆ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ದೊಡ್ಡ ಗದ್ದಲ. ಕಾಗದ ಹರಿದರು, ಪೀಠದ ಮೇಲೆ ತೂರಿದರು, 18 ಶಾಸಕರು ಅಮಾನತಾದರು. ಅದೇ ಗದ್ದಲದಲ್ಲಿ, ಚರ್ಚೆಯೇ ಇಲ್ಲದೆ, ಒಂದು ಮಸೂದೆ ಪಾಸಾಯಿತು. ಮುಖ್ಯಮಂತ್ರಿಯ ಸಂಬಳ 75 ಸಾವಿರದಿಂದ ಒಂದೂವರೆ ಲಕ್ಷ. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರ. ಭತ್ಯೆ ಬೇರೆ. ಸಮರ್ಥನೆ ಏನು? ಖರ್ಚು ಹೆಚ್ಚಾಗಿದೆ! ಎಷ್ಟು ಸತ್ಯವಾದ ಮಾತು! ಆ ಒಂದು ಸತ್ಯವನ್ನು ಹೇಳಲು ಇವರಿಗೆ ಸದನ ಬೇಕಾಯಿತು. ಅದೇ ತಿಂಗಳ ಕೊನೆಗೆ ಉದ್ಯೋಗ ಖಾತ್ರಿಯ ಕೂಲಿಯೂ ಪರಿಷ್ಕರಣೆ ಆಯಿತು. 349 ಇದ್ದದ್ದು 370. ಅಂದರೆ ಇಪ್ಪತ್ತೊಂದು ರೂಪಾಯಿ. ಶಾಸಕನ ಖರ್ಚು ಒಂದಕ್ಕೆರಡು ಆಗುತ್ತದೆ. ಹೂಳೆತ್ತುವ ಅವ್ವನ ಖರ್ಚು ಇಪ್ಪತ್ತೊಂದು ರೂಪಾಯಿ ಆಗುತ್ತದೆ. ಯಾಕ್ರೀ, ಇಬ್ಬರೂ ಹೋಗೋದು ಅದೇ ಸಂತಿಗಲ್ಲೇನು?

ಸಾಲದ್ದಕ್ಕೆ 2025ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಕಾಯ್ದೆಯನ್ನೇ ತೆಗೆದು ಅದರ ಜಾಗದಲ್ಲಿ ಹೊಸದನ್ನು ತಂದಿತು. ದಿನಗಳು 125 ಎಂದು ಹೇಳಿತು. ಆದರೆ ಕೂಲಿಯ ದುಡ್ಡಿನಲ್ಲಿ ನೂರಕ್ಕೆ ನಲವತ್ತು ರಾಜ್ಯಗಳ ತಲೆಗೆ ಕಟ್ಟಿತು. ಬಿತ್ತನೆ, ಸುಗ್ಗಿಯ ಕಾಲದಲ್ಲಿ 60 ದಿನ ಕೆಲಸ ನಿಲ್ಲಿಸಬಹುದು ಎಂದಿತು. ಸುಗ್ಗಿಯಲ್ಲಿ ಸರ್ಕಾರಿ ಕೆಲಸ ನಿಂತರೆ ಕೂಲಿಯ ದರ ಯಾರ ಕೈಗೆ ಹೋಗುತ್ತದೆ? ಧಣಿಯ ಕೈಗೆ. “ಬರ್ತಿ ಅಂದ್ರ ಬಾ, ಇಲ್ಲಾಂದ್ರ ಬಿಡು” ಎನ್ನುವ ಬಾಯಿಗೆ ಕಾಯ್ದೆಯೇ ಬಲ ಕೊಟ್ಟಂತಾಯಿತು.

ಮೂರನೆಯ ಮಾತು ತೊಗರಿಯದು. ಮುದನಾಳದಂಥ ಊರುಗಳ ಯರಿ ಹೊಲದಲ್ಲಿ ತೊಗರಿ ಬೆಳೆಯುತ್ತದೆ, ಹತ್ತಿ ಬೆಳೆಯುತ್ತದೆ. 2024-25ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,550. ಮರುವರ್ಷಕ್ಕೆ 8,000. ಕಾಗದದ ಮೇಲೆ. ಆದರೆ ಸುಂಕವಿಲ್ಲದೆ ಹೊರದೇಶದ ತೊಗರಿ ತರಿಸುವ ಅವಧಿಯನ್ನು ದಿಲ್ಲಿ 2026ರ ಮಾರ್ಚ್ ತನಕ ಬೆಳೆಸಿತು. 2025ರಲ್ಲಿ ಪೇಟೆಯ ದರ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಅದೇ ವರ್ಷ ಸೆಪ್ಟೆಂಬರಿನ ಮಳೆಗೆ, ಭೀಮೆಯ ಪ್ರವಾಹಕ್ಕೆ ತೊಗರಿ ಹತ್ತಿ ಎರಡೂ ನೀರಲ್ಲಿ ನಿಂತವು. ಮುಖ್ಯಮಂತ್ರಿ ವಿಮಾನದಲ್ಲಿ ಬಂದು ಮೇಲಿಂದ ನೋಡಿಹೋದರು. ಮೇಲಿಂದ ನೋಡಿದರೆ ಹೊಲ ಕಾಣುತ್ತದೆ, ಹೊಲದ ಯಜಮಾನ ಕಾಣುತ್ತಾನೆ. ಹೊಲವೇ ಇಲ್ಲದವಳು ಯಾವ ಎತ್ತರದಿಂದ ಕಾಣಬೇಕು?

ಆ ಹೊಲ ಯಾರದೋ. ಕಳೆ ತೆಗೆದವಳು ಕೇರಿಯ ಅವ್ವ. ತೊಗರಿಯ ಬೆಲೆ ಬಿದ್ದರೆ ಧಣಿ ಮೊದಲು ಕಡಿಯುವುದು ಅವಳ ಕೂಲಿಯನ್ನು. ಬೇಳೆಯ ಬೆಲೆ ಏರಿದರೆ ಅಂಗಡಿಯವನು ಮೊದಲು ಬಿಚ್ಚಿಸುವುದು ಅವಳ ಸಂಚಿಯನ್ನು. ಬೆಳೆ ಹೋದರೆ ಪರಿಹಾರ ಪಹಣಿ ಇದ್ದವನಿಗೆ, ಅವಳಿಗೆ ಗುಳೆ. ಬೆಂಗಳೂರು, ಹೈದರಾಬಾದು, ಮುಂಬೈ, ಪುಣೆ. ಅಲ್ಲಿ ಕಟ್ಟುವ ಕಟ್ಟಡದ ಬುಡದಲ್ಲೇ ತಗಡಿನ ಶೆಡ್ಡು. ಮಗುವಿನ ಹೆಸರು ಮಾತ್ರ ಊರ ಶಾಲೆಯ ಹಾಜರಿಯಲ್ಲಿ. ಮೇಷ್ಟ್ರುಗಳೇ, ನಿಮ್ಮ ಹಾಜರಿ ಪುಸ್ತಕದ ಖಾಲಿ ಮನೆಗಳನ್ನು ಎಣಿಸಿ. ಬೆಲೆ ಏರಿಕೆಯ ನಿಜವಾದ ಅಂಕಿ-ಸಂಖ್ಯೆ ಅಲ್ಲಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಹಸಿವು ಮಕ್ಕಳ ಮೈಮೇಲೆ ಬರೆದ ಲೆಕ್ಕ ಅದು. ಅದನ್ನು ಯಾವ ಮಂತ್ರಿಯೂ ತಿದ್ದಲಾರ.

ಈಗ ನಾಯಕರ ಸಿಟ್ಟಿನ ಕತೆ ಕೇಳಿ. 2025ರ ಏಪ್ರಿಲ್ ಒಂದರಿಂದ ರಾಜ್ಯದಲ್ಲಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಡೀಸೆಲ್ 2 ರೂಪಾಯಿ ಏರಿತು. ಜನವರಿಯಲ್ಲೇ ಬಸ್ಸಿನ ದರ ನೂರಕ್ಕೆ ಹದಿನೈದು ಏರಿತ್ತು. ಅವ್ವನ ಟಿಕೇಟು ಪುಕ್ಕಟೆ. ಅಪ್ಪನ ಟಿಕೇಟಿನಲ್ಲಿ ಅದರ ಒಂದು ಪಾಲು ವಸೂಲಿ. ಇದನ್ನು ಖಂಡಿಸಿ ಏಪ್ರಿಲ್ 7ರಂದು ಬಿಜೆಪಿಯವರು ಮೈಸೂರಿನಿಂದ ‘ಜನಾಕ್ರೋಶ ಯಾತ್ರೆ’ ಹೊರಡಿಸಿದರು. ಅದೇ ದಿನ ದಿಲ್ಲಿಯ ಅವರದೇ ಸರ್ಕಾರ ಗ್ಯಾಸಿಗೆ 50 ರೂಪಾಯಿ ಏರಿಸಿತು! ಹತ್ತು ದಿನ ಕಳೆದ ಮೇಲೆ ಕಾಂಗ್ರೆಸ್ಸಿನವರು, ಹಾಲು ಡೀಸೆಲ್ ಏರಿಸಿದ ಕಾಂಗ್ರೆಸ್ಸಿನವರೇ, ದಿಲ್ಲಿಯ ಬೆಲೆ ಏರಿಕೆಯನ್ನು ಖಂಡಿಸಿ ಬೆಂಗಳೂರಿನಲ್ಲಿ ಧರಣಿ ಕೂತರು. ಕಿಸೆ ಕತ್ತರಿಸಿದ ಇಬ್ಬರೂ ‘ಕಳ್ಳ ಕಳ್ಳ’ ಎಂದು ಒಬ್ಬರ ಹಿಂದೊಬ್ಬರು ಓಡಿದ ಹಾಗೆ. ನಮ್ಮ ಆಕ್ರೋಶವನ್ನೂ ಇವರು ಗುತ್ತಿಗೆ ಹಿಡಿದಿದ್ದಾರೆ. ಜನರದೆಂದು ಹೆಸರು, ಬಾವುಟ ಮಾತ್ರ ಅವರದು.

ಅದೇ ವರ್ಷದ ಕೊನೆಗೆ ರಾಜ್ಯದ ದೊಡ್ಡ ಪ್ರಶ್ನೆ ಯಾವುದಾಗಿತ್ತು? ನೀರಲ್ಲಿ ಕೊಳೆತ ತೊಗರಿಯೇ? ಅಲ್ಲ. ಕುರ್ಚಿ ಯಾರದು ಎಂಬುದು. ನವೆಂಬರ್ 29ರಂದು ಮುಖ್ಯಮಂತ್ರಿಯ ಮನೆಯಲ್ಲಿ ಉಪಮುಖ್ಯಮಂತ್ರಿಗೆ ನಾಷ್ಟಾ. ಡಿಸೆಂಬರ್ 2ರಂದು ಉಪಮುಖ್ಯಮಂತ್ರಿಯ ಮನೆಯಲ್ಲಿ ಮುಖ್ಯಮಂತ್ರಿಗೆ ನಾಷ್ಟಾ, ಇಡ್ಲಿ, ನಾಟಿ ಕೋಳಿ. ನಾಡಿನ ಕ್ಯಾಮೆರಾಗಳೆಲ್ಲ ಆ ತಟ್ಟೆಯೊಳಗೆ. ನಮ್ಮ ಗಂಗಾಳದೊಳಗೆ ಇಣುಕಿದ ಕ್ಯಾಮೆರಾ ಎಷ್ಟು? 2002ರಲ್ಲೇ ನಂಜುಂಡಪ್ಪ ಸಮಿತಿ ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಹಾಕಿತು. ಆಮೇಲೆ 371(ಜೆ) ಬಂತು. ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ‘ಕಲ್ಯಾಣ’ ಎಂಬ ಹೆಸರು ಬಂತು. ಮುದನಾಳ ಎಂಬ ಹೆಸರೂ ಶಾಸಕರ ಮನೆತನದ ಅಡ್ಡಹೆಸರಾಗಿ ವಿಧಾನಸೌಧ ಮುಟ್ಟಿದೆ. ಹೆಸರುಗಳು ಹೋದವು, ಬಂದವು. ಕೂಲಿಕಾರಳ ಸಂಚಿಯ ಲೆಕ್ಕ ಅಲ್ಲಿಗೆ ಹೋಗಲೇ ಇಲ್ಲ.

ಇನ್ನು ‘ಬಿಟ್ಟಿ’ಯ ಮುಖ್ಯ ಲೆಕ್ಕಕ್ಕೆ ಬರೋಣ. ಗ್ಯಾರಂಟಿ ಬೇಡ ಎನ್ನುವವರ ಜೊತೆ ನಾವಿಲ್ಲ. ಹಸಿದವರಿಗೆ ಅಕ್ಕಿ ಹಕ್ಕು. ಒಲೆಯ ಮುಂದೆ ಬದುಕು ಸವೆಸಿದ ಅವ್ವನ ಕೈಗೆ ಎರಡು ಸಾವಿರ ಬಂದರೆ ಅದು ದಾನವಲ್ಲ. ಆದರೆ ಆ ದುಡ್ಡು ಎಲ್ಲಿಂದ ಬಂತು? 2013ರ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಜನಸಂಖ್ಯೆಗೆ ತಕ್ಕ ಪಾಲನ್ನು ಅವರ ಏಳಿಗೆಗೇ ಖರ್ಚು ಮಾಡಬೇಕು. ಮುಂಚಿನ ಸರ್ಕಾರಗಳು ಅದರ 7ಡಿ ಎಂಬ ಕಿಂಡಿಯಿಂದ ಆ ಹಣವನ್ನು ಊರ ರಸ್ತೆಗೆ, ಮತ್ತೊಂದಕ್ಕೆ ಹರಿಸಿದವು. 2023ರಲ್ಲಿ ಈ ಸರ್ಕಾರ ಕಿಂಡಿ ಮುಚ್ಚಿದೆವು ಎಂದು ಬೆನ್ನು ತಟ್ಟಿಕೊಂಡಿತು. ಅದೇ 2023-24ರಲ್ಲಿ ಆ ನಿಧಿಯಿಂದ 11 ಸಾವಿರ ಕೋಟಿ ಗ್ಯಾರಂಟಿಗಳಿಗೆ ಹೋಯಿತು. 2024-25ರಲ್ಲಿ ಒಟ್ಟು 39,121 ಕೋಟಿ ನಿಧಿ. ಅದರಲ್ಲಿ 14 ಸಾವಿರ ಕೋಟಿಗೂ ಮೀರಿ ಮತ್ತೆ ಗ್ಯಾರಂಟಿಗಳಿಗೆ. ಕಿಂಡಿ ಮುಚ್ಚಿ ಬಾಗಿಲನ್ನೇ ತೆರೆದರು.

ಕೇಳಿದರೆ ಹೇಳುತ್ತಾರೆ: “ಆ ದುಡ್ಡು ದಲಿತ ಫಲಾನುಭವಿಗಳಿಗೇ ಹೋಗಿದೆಯಲ್ಲ!” ಇದೇ ಮೋಸ. ಗೌಡರ ಮನೆಯ ಸೊಸೆಯ ಎರಡು ಸಾವಿರ ರಾಜ್ಯದ ಬೊಕ್ಕಸದಿಂದ ಬರುತ್ತದೆ. ಮಾದಿಗರ ಮನೆಯ ಸೊಸೆಯ ಎರಡು ಸಾವಿರ ಅವಳ ಮಗನ ಹಾಸ್ಟೆಲಿಗೆ, ಅವಳ ತಮ್ಮನ ಭೂಮಿಗೆ, ಕೊಳವೆಬಾವಿಗೆ ಇಟ್ಟ ಗಂಟಿನಿಂದ ಬರುತ್ತದೆ. ಊರಿನ ಊಟಕ್ಕೆ ಊರ ಕಣಜ, ಕೇರಿಯ ಊಟಕ್ಕೆ ಕೇರಿಯದೇ ಬೀಜದ ಕಾಳು. ಬೀಜ ತಿನ್ನಿಸಿ ‘ಉಣಿಸಿದೆವು’ ಎನ್ನುವವರನ್ನು ಏನೆಂದು ಕರೆಯೋಣ? ಹಾಗಾಗಿ ಹೇಳುತ್ತೇವೆ: ಈ ನಾಡಿನಲ್ಲಿ ಗ್ಯಾರಂಟಿಗೆ ದುಡ್ಡು ಕೊಟ್ಟು ಕೊಂಡವರು ದಲಿತರೇ. ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟಿದ್ದೇವೆ. 2022ರ ಜುಲೈ 18ರಿಂದ ಚೀಲದಲ್ಲಿ ಕಟ್ಟಿ ಚೀಟಿ ಅಂಟಿಸಿದ ಅಕ್ಕಿಗೂ, ಹಿಟ್ಟಿಗೂ ನೂರಕ್ಕೆ ಐದು ಕಟ್ಟಿದ್ದೇವೆ. ಅದರ ಮೇಲೆ ನಮ್ಮ ಗಂಟನ್ನೂ ಕೊಟ್ಟಿದ್ದೇವೆ. ಇನ್ನೆಲ್ಲಿಯ ಬಿಟ್ಟಿ?

ಬಿಟ್ಟಿ ತಿಂದವರು ಬೇಕೆ? ಶಹಾಪುರಕ್ಕೆ ಬನ್ನಿ. 2023ರ ನವೆಂಬರಿನಲ್ಲಿ ಅಲ್ಲಿನ ಗೋದಾಮಿನಿಂದ 6 ಸಾವಿರ ಕ್ವಿಂಟಲಿಗೂ ಹೆಚ್ಚು ಅನ್ನಭಾಗ್ಯದ ಅಕ್ಕಿ ಕಾಣೆಯಾದ ಪ್ರಕರಣ ದಾಖಲಾಯಿತು. ತಲೆಗೆ ಐದು ಕಿಲೋದಂತೆ ಹಂಚಿದರೆ ಒಂದು ಲಕ್ಷ ಇಪ್ಪತ್ತು ಸಾವಿರ ಬಾಯಿಗಳ ಒಂದು ತಿಂಗಳ ಅನ್ನ. ಅದು ಇಲಿ ತಿಂದದ್ದಲ್ಲ. ಕೇರಿಯವರು ಹೊತ್ತೊಯ್ದದ್ದೂ ಅಲ್ಲ. ಅಷ್ಟು ಹೊರಲು ಲಾರಿ ಬೇಕು.

ಇನ್ನೊಂದು ಬೆಲೆ ಇದೆ. ಅದು ಯಾವ ಪಕ್ಷದ ಯಾತ್ರೆಯಲ್ಲೂ ಘೋಷಣೆಯಾಗಿಲ್ಲ. 2024ರ ಸೆಪ್ಟೆಂಬರಿನಲ್ಲಿ ಇದೇ ಜಿಲ್ಲೆಯ ಹುಣಸಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದಲಿತರು ನ್ಯಾಯ ಕೇಳಿ ಪೊಲೀಸರ ಬಳಿ ಹೋದದ್ದಕ್ಕೆ ಊರವರು ಬಹಿಷ್ಕಾರ ಹಾಕಿದರು. ಕಿರಾಣಿ ಕೊಡಬೇಡಿ. ಮಕ್ಕಳಿಗೆ ಪೆನ್ನು, ನೋಟ್‌ಬುಕ್ ಕೂಡ ಕೊಡಬೇಡಿ. ರೊಕ್ಕ ಕೈಯಲ್ಲಿ ಹಿಡಿದು ನಿಂತರೂ ಅಂಗಡಿಯ ಬಾಗಿಲು ತೆರೆಯದಿದ್ದರೆ ಪೆನ್ನಿನ ಬೆಲೆ ಎಷ್ಟು? ಬೆಲೆ ಏರಿಕೆ ಎಲ್ಲರಿಗೂ ಒಂದೇ ಎನ್ನುವ ಗೆಳೆಯರು ಇದಕ್ಕೆ ಉತ್ತರ ಹೇಳಲಿ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದು ಇದನ್ನೇ: ಓಟಿನಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ, ಈ ಎರಡು ಬಹಳ ಕಾಲ ಒಟ್ಟಿಗೆ ನಡೆಯಲಾರವು.

ಹಾಗಾದರೆ ಏನು ಮಾಡಬೇಕು? ಯಾರದೋ ಆಕ್ರೋಶದ ಲಾರಿ ಹತ್ತುವುದು ಬೇಡ. ಮುಂದಿನ ಗ್ರಾಮಸಭೆಗೆ ಹೋಗೋಣ. ಓದಿದ ಹುಡುಗ ಹುಡುಗಿಯರು ಮಾಹಿತಿ ಹಕ್ಕಿನ ಅರ್ಜಿ ಬರೆಯಲಿ: ಈ ತಾಲ್ಲೂಕಿಗೆ ಪರಿಶಿಷ್ಟರ ನಿಧಿಯಿಂದ ಎಷ್ಟು ಬಂತು, ಯಾವ ಕೇರಿಯಲ್ಲಿ ಖರ್ಚಾಯಿತು? ಮೇಷ್ಟ್ರುಗಳು ಆ ಉತ್ತರವನ್ನು ಕೇರಿಯ ಕಟ್ಟೆಯ ಮೇಲೆ ದೊಡ್ಡ ದನಿಯಲ್ಲಿ ಓದಲಿ. ಶಾಸಕರ ಸಂಬಳ ಯಾವ ಅಳತೆಯಲ್ಲಿ ಏರಿತೋ ಕೂಲಿಯೂ ಅದೇ ಅಳತೆಯಲ್ಲಿ ಏರಲಿ ಎಂದು ಕೇಳೋಣ. 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆಯ ಕಿಟ್ ಕೊಡುವ ತೀರ್ಮಾನ ಮಾಡಿತಲ್ಲ, ಆ ತೊಗರಿಯನ್ನು ನಮ್ಮ ಹೊಲದಿಂದಲೇ, ಬೆಂಬಲ ಬೆಲೆಗೇ ಕೊಳ್ಳಿ ಎನ್ನೋಣ. ಜೋಳ ಉಣ್ಣುವ ಸೀಮೆಗೆ ಜೋಳವನ್ನೇ ಕೊಡಿ ಎನ್ನೋಣ. ಗ್ಯಾರಂಟಿ ಬೊಕ್ಕಸದಿಂದ ಕೊಡಿ, ನಮ್ಮ ಗಂಟು ನಮಗೆ ಬಿಡಿ ಎನ್ನೋಣ.

ಮುಂದಿನ ಸಲ ಯಾರಾದರೂ ‘ಬಿಟ್ಟಿ’ ಎಂದರೆ ತಲೆ ತಗ್ಗಿಸಬೇಡಿ. ಕಣ್ಣಲ್ಲಿ ಕಣ್ಣಿಟ್ಟು ಕೇಳಿ: “ಖರೆ ಅದ ಸಾವ್ಕಾರ. ಬಿಟ್ಟಿ ದುಡಿಸಿಕೊಂಡ ಬಾಕಿ ಯಾವಾಗ ಕೊಡ್ತೀರಿ?”